ನಾಲ್ವರು ರಿಸೀವರ್‌ಗಳು, ಹಗುರಾದ ಬಾಕ್ಸ್

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಆಕ್ರಮಣ ತಂಡವು ನಾಲ್ವರು ರಿಸೀವರ್‌ಗಳನ್ನು, ಅಂದರೆ ಎಸೆದ ಚೆಂಡನ್ನು ಹಿಡಿಯುವವರನ್ನು, ಮೈದಾನದ ಅಗಲಕ್ಕೆ ಹರಡಿ ನಿಲ್ಲಿಸಿತೆಂದರೆ ಅದು ಪಾಸ್‌ಗೆ ನಡೆಸಿದ ಸಿದ್ಧತೆ ಎಂದೇ ನಾನು ಬಹುಕಾಲ ತಿಳಿದಿದ್ದೆ. ಪಂದ್ಯಗಳನ್ನು ಮತ್ತೆ ಮತ್ತೆ ನೋಡಿದ ಮೇಲೆ, ಈ ವ್ಯೂಹದಿಂದ ಓಟದ ಆಟಕ್ಕೂ ಅಷ್ಟೇ ಲಾಭವಿದೆ ಎಂಬುದು ಮನವರಿಕೆಯಾಯಿತು.

ಮೈದಾನದ ಅಗಲ 160 ಅಡಿ. ಅದನ್ನು ಕಾಯುವವರು ಹನ್ನೊಂದೇ ಮಂದಿ. ಸ್ಲಾಟ್‌ನಲ್ಲಿ, ಅಂದರೆ ಹೊರಬದಿಯ ರಿಸೀವರ್‌ಗೂ ಮುಂಚೂಣಿ ಸಾಲಿಗೂ ನಡುವಿನ ಜಾಗದಲ್ಲಿ, ಚುರುಕಾದ ರಿಸೀವರ್ ಬಂದು ನಿಂತಾಗ ಅವನ ಬೆನ್ನುಹತ್ತುವುದು ರಕ್ಷಣಾ ಸಾಲಿನ ಹಿಂದೆ ನಿಲ್ಲುವ ದಢೂತಿ ಲೈನ್‌ಬ್ಯಾಕರ್‌ಗೆ ಕಷ್ಟವಾದ್ದರಿಂದ, ರಕ್ಷಣಾ ಕೋಚ್ ಅವನನ್ನು ಹೊರಗೆ ಕರೆಸಿಕೊಂಡು ರಿಸೀವರ್‌ಗಳನ್ನು ಕಾಯುವ ಐದನೆಯ ಡಿಫೆನ್ಸಿವ್ ಬ್ಯಾಕ್‌ನನ್ನು ಕಳುಹಿಸುತ್ತಾನೆ, ಇದೇ ನಿಕಲ್. ಆರನೆಯವನೂ ಬಂದರೆ ಅದು ಡೈಮ್. ಹೀಗೆ ಬಾಕ್ಸ್‌ನಲ್ಲಿ, ಅಂದರೆ ಚೆಂಡಿನ ಎದುರಿನ ಆಯಕಟ್ಟಿನ ಜಾಗದಲ್ಲಿ, ಐವರೇ ಉಳಿದರೆ ಆಕ್ರಮಣ ತಂಡದ ಮುಂಚೂಣಿಯ ಐವರು ಲೈನ್‌ಮನ್‌ಗಳು ತಲೆಗೊಬ್ಬರಂತೆ ಅವರನ್ನು ತಡೆಯಬಲ್ಲರು, ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್‌ಗೆ ದಾರಿ ತೆರೆದುಕೊಳ್ಳುತ್ತದೆ. ಚೆಂಡನ್ನು ಹಿಂದಕ್ಕೆ ಕೊಟ್ಟು ಆಟ ಶುರುಮಾಡುವ ಸ್ನ್ಯಾಪ್‌ಗೆ ಮುನ್ನ, ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಮಾಡುವ ಈ ತಲೆಯೆಣಿಕೆಯೇ ನನಗೆ ಈ ಆಟದ ಅತ್ಯಂತ ರೋಚಕ ಕ್ಷಣ. ಒಬ್ಬ ರಿಸೀವರ್ ಆ ಬದಿಯಿಂದ ಈ ಬದಿಗೆ ಓಡಿದಾಗ ಎದುರಾಳಿಯೊಬ್ಬ ಅವನ ಹಿಂದೆಯೇ ಓಡಿಬಂದರೆ ಅದು ಬಹುಮಟ್ಟಿಗೆ ಮ್ಯಾನ್ ಕವರೇಜ್, ಅಂದರೆ ಒಬ್ಬೊಬ್ಬ ರಿಸೀವರ್‌ಗೂ ಒಬ್ಬ ಕಾವಲುಗಾರ. ಯಾರೂ ಕದಲದಿದ್ದರೆ ಜೋನ್, ಅಂದರೆ ಪ್ರತಿಯೊಬ್ಬನೂ ತನ್ನ ಪಾಲಿನ ಜಾಗ ಕಾಯುವ ಕ್ರಮ, ಇರಬಹುದೆಂಬ ಸುಳಿವು ಸಿಗುತ್ತದೆ.

ಈ ಚಿಂತನೆಗೆ ಹಳೆಯ ಬೇರುಗಳಿವೆ. ಓಹಾಯೊದ ಮಿಡಲ್‌ಟೌನ್ ಹೈಸ್ಕೂಲಿನ ಕೋಚ್ ಟೈಗರ್ ಎಲಿಸನ್ 1958ರಲ್ಲಿ ರೂಪಿಸಿದ ರನ್ ಅಂಡ್ ಶೂಟ್ ಪದ್ಧತಿಯನ್ನು ಕೋಚ್ ಮೌಸ್ ಡೇವಿಸ್ ಬೆಳೆಸಿದರು. ನಾಲ್ವರು ರಿಸೀವರ್‌ಗಳ ಅದೇ ಪದ್ಧತಿಯಲ್ಲಿ ಆಡುತ್ತಿದ್ದ ಹ್ಯೂಸ್ಟನ್ ಆಯಿಲರ್ಸ್ ತಂಡದ ಕ್ವಾರ್ಟರ್‌ಬ್ಯಾಕ್ ವಾರೆನ್ ಮೂನ್, 1990ರ ಡಿಸೆಂಬರ್ 16ರಂದು ಕ್ಯಾನ್ಸಸ್ ಸಿಟಿಯ ವಿರುದ್ಧ 527 ಯಾರ್ಡ್‌ಗಳ ಪಾಸ್ ದಾಖಲಿಸಿದರು. ಅದೇ ತಂಡ 1993ರ ಜನವರಿ 3ರಂದು 35–3ರ ಮುನ್ನಡೆಯನ್ನು ಕಳೆದುಕೊಂಡು ಬಫಲೋಗೆ 41–38ರಿಂದ ಸೋತಾಗ ಪದ್ಧತಿಯೇ ದೂಷಣೆಗೆ ಗುರಿಯಾಯಿತು. ದ್ವಿತೀಯಾರ್ಧದಲ್ಲಿ 35 ಅಂಕ ಬಿಟ್ಟುಕೊಟ್ಟ ರಕ್ಷಣಾ ಪಡೆಯನ್ನು ಮರೆತು ವ್ಯೂಹವನ್ನಷ್ಟೇ ದೂರುವುದು ನನ್ನ ದೃಷ್ಟಿಯಲ್ಲಿ ನ್ಯಾಯವಲ್ಲ.

ಆದರೂ ಈ ವ್ಯೂಹ ಬೆಲೆ ಕೇಳುತ್ತದೆ. ರನ್ನಿಂಗ್ ಬ್ಯಾಕ್‌ನನ್ನೂ ಬಿಟ್ಟು ಐವರನ್ನು ಹರಡುವ ಎಂಪ್ಟಿ ವ್ಯೂಹದಲ್ಲಿ ಕ್ವಾರ್ಟರ್‌ಬ್ಯಾಕ್‌ನ ಕಾವಲಿಗೆ ಉಳಿಯುವವರು ಐವರೇ. ಆರು ಮಂದಿ ಒಮ್ಮೆಗೇ ನುಗ್ಗಿದರೆ ಒಬ್ಬನನ್ನು ತಡೆಯುವವರೇ ಇಲ್ಲ, ಅವನು ಮೈಮೇಲೆ ಬೀಳುವುದರೊಳಗೆ ಚೆಂಡು ಕೈಬಿಟ್ಟಿರಬೇಕು. 2007ರ ಋತುವಿನಲ್ಲಿ ರ‍್ಯಾಂಡಿ ಮಾಸ್ ಹೊರಬದಿಯಲ್ಲೂ ವೆಸ್ ವೆಲ್ಕರ್ ಸ್ಲಾಟ್‌ನಲ್ಲೂ ನಿಂತ ನ್ಯೂ ಇಂಗ್ಲೆಂಡ್ ತಂಡ ಲೀಗ್‌ನ 16 ಪಂದ್ಯಗಳನ್ನೂ ಗೆದ್ದಿತು, ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿ ಅಂಕ ತರುವ 50 ಟಚ್‌ಡೌನ್ ಪಾಸ್ ಎಸೆದರು. ಆದರೆ ಋತುವಿನ ಅಂತಿಮ ಪಂದ್ಯವಾದ ಸೂಪರ್ ಬೌಲ್‌ನಲ್ಲಿ ನ್ಯೂಯಾರ್ಕ್ ಜೈಂಟ್ಸ್ ಬ್ರೇಡಿಯನ್ನು ಐದು ಬಾರಿ ಸ್ಯಾಕ್ ಮಾಡಿ, ಅಂದರೆ ಚೆಂಡು ಎಸೆಯುವ ಮೊದಲೇ ಕೆಡವಿ, ಆ ತಂಡವನ್ನು 14 ಅಂಕಗಳಿಗೆ ಕಟ್ಟಿಹಾಕಿತು.