ಕಾಕಾ, ನಕ್ಕೀ ಕಧೀ?

ಮಂಗಳವಾರ ರಾತ್ರಿ ಮರಾಠಿಯಲ್ಲಿ ಕೇಳಿದ ಆ ಪ್ರಶ್ನೆ ಇನ್ನೂ ಕಿವಿ ಬಿಟ್ಟಿಲ್ಲ. ಮುಂಬೈಯ ಮುಲುಂಡಿನ ಒಂದು ಆಸ್ಪತ್ರೆಯ ಎಮರ್ಜೆನ್ಸಿ. ಮಾವನನ್ನು ಮಲಗಿಸಿ ಹತ್ತು ನಿಮಿಷದೊಳಗೆ ಇಸಿಜಿ ಆಯಿತು, ಅದರಲ್ಲಿ ಎಂತದೂ ಇಲ್ಲ. ರಕ್ತ ತೆಗೆಸುತ್ತಾ ಆ ಹುಡುಗಿ ಡಾಕ್ಟರು ಕೇಳಿದಳು: "ಕಾಕಾ, ನಕ್ಕೀ ಕಧೀ?" ಎದೆನೋವು ಸರಿಯಾಗಿ ಎಷ್ಟು ಹೊತ್ತಿಗೆ ಶುರುವಾದದ್ದು?

"ಮಧ್ಯಾಹ್ನದಿಂದ," ಅಂದರು ಮಾವ. ಮೂವತ್ತು ವರ್ಷ ಹೋಟೆಲಿನ ಗಲ್ಲೆಯಲ್ಲಿ ಕೂತ ಜನ. ಒಂದು ರೂಪಾಯಿ ತಪ್ಪಿದರೂ ನಿದ್ದೆ ಬಾರದು. ಮೈಯೊಳಗಿನದೆಲ್ಲ ಮಾತ್ರ ಗ್ಯಾಸಿನ ಖಾತೆಗೆ.

ರಿಪೋರ್ಟ್ ಬಂತು. ಹೃದಯಕ್ಕೆ ಪೆಟ್ಟಾದರೆ ರಕ್ತದಲ್ಲಿ ಏರುವ ಟ್ರೋಪೋನಿನ್ 9. 14ರವರೆಗೆ ನಾರ್ಮಲ್. ಭಾವ ಎದ್ದೇ ಬಿಟ್ಟರು. ಇನ್ನೊಮ್ಮೆ ಟೆಸ್ಟ್ ಅಂದರೆ ಬಿಲ್ ಬೆಳೆಸುವ ಉಪಾಯ ಅಂತ ಅವರ ವಾದ. ಅವರಿಗೆ ಎಲ್ಲವೂ ಉಪಾಯವೇ. ನಾನೂ ಚಪ್ಪಲಿ ಹುಡುಕುತ್ತಿದ್ದೆ, ಸುಳ್ಳು ಯಾಕೆ ಹೇಳಲಿ.

ಅವಳು ಕದಲಲಿಲ್ಲ. "ಕಾಕಾ, ನಕ್ಕೀ ಕಧೀ?" ಈ ಸಲ ಅತ್ತೆಯ ಮುಖ ನೋಡಿ.

ಅತ್ತೆ ಮೆಲ್ಲ ಹೇಳಿದರು: "ಮಧ್ಯಾಹ್ನದ್ದು ಹುಳಿತೇಗು. ಎದೆ ಹಿಡಿದದ್ದು ಒಂಬತ್ತೂವರೆಗೆ, ಶಟರ್ ಎಳೆಯುವಾಗ." ಮಾವ ಅತ್ತೆಯನ್ನು ನೋಡಿದ ನೋಟವೋ, ಗಿರಾಕಿಯ ಎದುರು ಲೆಕ್ಕ ತಿದ್ದಿದ ಹಾಗೆ.

ಆಗ ಗಂಟೆ ಹನ್ನೊಂದು ದಾಟಿತ್ತು. ಹೃದಯದ ಸ್ನಾಯು ಸಾಯತೊಡಗಿದಾಗ ಈ ಟ್ರೋಪೋನಿನ್ ರಕ್ತಕ್ಕೆ ಸೋರುತ್ತದಂತೆ, ಆದರೆ ಸೋರಿದ್ದು ಲೆಕ್ಕಕ್ಕೆ ಸಿಗಲು ಕೆಲವು ಗಂಟೆ ಬೇಕು. ನೋವು ಮಧ್ಯಾಹ್ನದ್ದಾದರೆ ಆ 9ಕ್ಕೆ ಬೆಲೆ ಇತ್ತು. ಒಂಬತ್ತೂವರೆಯದಾದರೆ ಅದನ್ನು ನಂಬಿ ಮನೆಗೆ ಹೋಗುವ ಹಾಗಿಲ್ಲ. ಕಿಡ್ನಿ ಕೆಟ್ಟವರಲ್ಲಿ ಹಾರ್ಟ್ ಅಟ್ಯಾಕ್ ಇಲ್ಲದೆಯೂ ಅದು ಮೇಲೇ ಇರಬಹುದು. ಹಾಗಾಗಿ ಒಂದು ಸಂಖ್ಯೆಗಿಂತ ಅದು ಏರುತ್ತಿದೆಯೋ ಅನ್ನುವುದೇ ಮುಖ್ಯ, ಮೊದಲ ಸೂಜಿಗೆ ಮೂರು ಗಂಟೆ ಆದ ಮೇಲೆ ಮತ್ತೆ ತೆಗೆಯೋಣ ಅಂದಳು. ಅಷ್ಟು ತಾಳ್ಮೆ ಆ ವಯಸ್ಸಿಗೆ ಎಲ್ಲಿಂದ ಬಂತೋ. ನನ್ನ ಮಗಳ ವಾರಿಗೆಯವಳು.

ಭಾವ ಕೊನೆಯ ಲೋಕಲ್ ತಪ್ಪುತ್ತದೆಂದು ಹೊರಟರು. ಒಂದೂವರೆಗೆ ಮತ್ತೆ ಸೂಜಿ. ಎರಡನೆಯದು: 78.

ಮರುದಿನ ಬೆಳಿಗ್ಗೆ ಆಂಜಿಯೋಗ್ರಫಿ, ಒಂದು ಸ್ಟೆಂಟ್. ಶನಿವಾರ ಮನೆಗೆ.

ಇವತ್ತು ಊರಿನವರೆಲ್ಲ ನೋಡಲು ಬಂದಿದ್ದರು. ಮಾವ ದಿಂಬಿಗೆ ಒರಗಿ ಶುರು ಮಾಡಿದರು: "ಮಧ್ಯಾಹ್ನದಿಂದಲೇ ಎದೆ ಒಂಥರಾ ಮಾರಾಯ್ರೆ..."

ಅಡುಗೆಮನೆಯಿಂದ ಅತ್ತೆಯ ಸ್ವರ: "ಒಂಬತ್ತೂವರೆಗೆ!"