ಕ್ರೋಶಾ ಎಲ್ಲಿ ಕಲಿಯೋದು? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

"ಅಕ್ಕಾ, ಕ್ರೋಶಾ ಕಲೀಬೇಕು ಅಂತ ತುಂಬಾ ಆಸೆ. ಯಾವ ಚಾನೆಲ್ ನೋಡ್ಲಿ?"

ಕ್ರೋಶಾ ಅಂದರೆ ತುದಿಯಲ್ಲಿ ಕೊಕ್ಕೆ ಇರುವ ಒಂದೇ ಕಡ್ಡಿಯಿಂದ ದಾರ ಹೆಣೆಯುವ ಕೆಲಸ. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವ ಬಸ್ಸಿನಲ್ಲಿ ಕಡ್ಡಿ, ದಾರ ತೆಗೆದು ಕೂತರೆ ಪಕ್ಕದ ಸೀಟಿನವರು ಕೇಳುವುದು ಇದನ್ನೇ. ಮದುವೆಮನೆಯಲ್ಲಿ ನೆಂಟರ ಹುಡುಗಿಯರೂ ಕೇಳುತ್ತಾರೆ. ನನ್ನ ಉತ್ತರ ಕೇಳಿ ಕೆಲವರಿಗೆ ನಿರಾಸೆಯಾಗುತ್ತದೆ, ಆದರೂ ಬದಲಿಸುವುದಿಲ್ಲ: ಚಾನೆಲ್ ಆಮೇಲೆ ನೋಡಿ. ಮೊದಲು ನಿಮ್ಮ ಬೀದಿಯಲ್ಲಿ ಸೀರೆಗೆ ಕುಚ್ಚು ಹಾಕುವವರು ಯಾರಿದ್ದಾರೆ ಅಂತ ವಿಚಾರಿಸಿ.

ನಮ್ಮ ಕಡೆ ಟೈಲರ್ ಅಂಗಡಿಯಲ್ಲೋ ಮನೆಯ ಜಗಲಿಯಲ್ಲೋ ಕೂತು ಸೆರಗಿಗೆ ಕುಚ್ಚು ಹಾಕುವ ಹೆಂಗಸರು ಬಹಳ ಊರುಗಳಲ್ಲಿ ಸಿಗುತ್ತಾರೆ. ಗಂಟು ಹಾಕಿ ಕಟ್ಟುವ ಹಳೇ ಕುಚ್ಚಿನ ಜೊತೆಗೆ ಈಗ ಕ್ರೋಶಾ ಕುಚ್ಚಿಗೂ ಬೇಡಿಕೆ ಇದೆ. ಆ ಕುಚ್ಚಿನ ಮೇಲ್ಭಾಗದ ಬಲೆಯಂಥ ಅಂಚನ್ನು ಹತ್ತಿರದಿಂದ ನೋಡಿ. ಚೈನು, ಸಿಂಗಲ್ ಕ್ರೋಶಾ, ಡಬಲ್ ಕ್ರೋಶಾ. ಬಾಗಿಲ ತೋರಣ, ಮಗುವಿನ ಟೋಪಿ, ಹೊದಿಕೆ, ಎಲ್ಲಕ್ಕೂ ಬೇಕಾಗುವುದು ಮುಖ್ಯವಾಗಿ ಇವೇ ಸ್ಟಿಚ್ಚುಗಳು. ಅವನ್ನು ದಿನವಿಡೀ ಹಾಕುವ ಕೈ ನಿಮ್ಮ ಮನೆಯಿಂದ ನಾಲ್ಕು ಹೆಜ್ಜೆ ದೂರದಲ್ಲಿದ್ದರೆ ಅದಕ್ಕಿಂತ ಒಳ್ಳೆಯ ಗುರು ಬೇಕೇ? ದಾರವನ್ನು ಎಡಗೈ ಬೆರಳಿಗೆ ಎಷ್ಟು ಬಿಗಿಯಾಗಿ ಸುತ್ತಬೇಕು ಅನ್ನುವುದನ್ನು ವಿಡಿಯೋದವರು ಎಷ್ಟು ಹೇಳಿದರೂ ತಿಳಿಯುವುದಿಲ್ಲ. ಪಕ್ಕದಲ್ಲಿ ಕೂತವರು ನಿಮ್ಮ ದಾರವನ್ನು ಒಮ್ಮೆ ಎಳೆದು ನೋಡಿ "ಇಷ್ಟು ಬಿಗಿ ಬೇಡಮ್ಮ" ಅಂದರೆ ಅಲ್ಲಿಗೆ ಮುಗಿಯಿತು.

ದುಡ್ಡು ಕೊಟ್ಟೇ ಕಲಿಯಿರಿ. ಅದು ಅವರ ಸಂಪಾದನೆಯ ಸಮಯ, "ಸುಮ್ನೆ ಹೇಳ್ಕೊಡಿ ಆಂಟಿ" ಅನ್ನುವುದು ತಪ್ಪು. ಮದುವೆ ತಿಂಗಳುಗಳಲ್ಲಿ ಅವರಿಗೆ ಬಿಡುವಿರುವುದಿಲ್ಲ. ಶ್ರಾವಣದಲ್ಲಿ ವರಮಹಾಲಕ್ಷ್ಮಿ ಹಬ್ಬದ ಸೀರೆಗಳು ರಾಶಿ ಬೀಳುತ್ತವೆ. ಅದಕ್ಕಿಂತ ಮುಂಚಿನ ಆಷಾಢವೇ ಸರಿಯಾದ ಕಾಲ. ಮದುವೆಗಳಿಲ್ಲ, ಹೊರಗೆ ಬಿಡದ ಮಳೆ, ನಮಗೂ ಮನೆ ಬಿಟ್ಟು ಹೋಗುವ ಕೆಲಸ ಕಡಿಮೆ.

ಕುಚ್ಚಿನ ಗುರುವಿನ ಹತ್ತಿರ ಸಿಗದ ಪಾಠವೂ ಒಂದಿದೆ. ಕುಚ್ಚನ್ನು ಬಟ್ಟೆಯ ಅಂಚಿನ ಉದ್ದಕ್ಕೂ ಹಾಕುತ್ತಾ ಹೋಗುತ್ತಾರೆ. ಬರೀ ದಾರದಿಂದ ಒಂದು ಚೌಕ ಹೆಣೆಯುವಾಗ ಸಾಲು ಮುಗಿದ ಮೇಲೆ ಹೆಣಿಗೆಯನ್ನು ತಿರುಗಿಸಬೇಕು, ಪ್ರತಿ ಸಾಲಿನಲ್ಲೂ ಸ್ಟಿಚ್ಚು ಎಣಿಸಬೇಕು. ಹೊಸಬರ ಚೌಕ ಮೇಲೆ ಹೋಗುತ್ತಾ ಕಿರಿದಾಗಿ ತ್ರಿಕೋನವಾಗುವುದು ಸಾಮಾನ್ಯವಾಗಿ ಸಾಲಿನ ಕೊನೆಯ ಸ್ಟಿಚ್ಚು ಕಣ್ತಪ್ಪುವುದರಿಂದ. ಸಾಲಿನ ಮೊದಲ ಮತ್ತು ಕೊನೆಯ ಸ್ಟಿಚ್ಚಿಗೆ ಒಂದೊಂದು ಸೇಫ್ಟಿ ಪಿನ್ ಸಿಕ್ಕಿಸಿಡಿ. ವಿಡಿಯೋ ಬೇಕಾಗುವುದು ಇಲ್ಲಿ.

ಸಾಮಾನಿನ ವಿಷಯ ಬೇಗ ಹೇಳಿಬಿಡುತ್ತೇನೆ. ಅಜ್ಜಿಯ ಡಬ್ಬಿಯಲ್ಲಿರುವ ಸಣ್ಣ ಸ್ಟೀಲ್ ಕಡ್ಡಿ ನೂಲಿನ ಲೇಸಿನದು, ಅದರಲ್ಲಿ ಶುರು ಮಾಡಬೇಡಿ. ಶಿವಮೊಗ್ಗದ ಗಾಂಧಿ ಬಜಾರ್ ಕಡೆಯ ಹೊಲಿಗೆ ಸಾಮಾನಿನ ಅಂಗಡಿಗಳಲ್ಲಿ 4.5 ಅಥವಾ 5 ಮಿ.ಮೀ. ಕಡ್ಡಿ, ಅದಕ್ಕೆ ಹೊಂದುವ ಸ್ವಲ್ಪ ದಪ್ಪ ದಾರ ಕೇಳಿ. ಸ್ಟೀಲ್ ಕಡ್ಡಿಗಳಲ್ಲಿ ನಂಬರ್ ಹೆಚ್ಚಾದಷ್ಟೂ ಕಡ್ಡಿ ಸಣ್ಣ, ಆದ್ದರಿಂದ ನಂಬರ್ ನಂಬದೆ ಮಿಲಿಮೀಟರ್ ನೋಡಿ. ಬಣ್ಣ ತಿಳಿಯಾಗಿರಲಿ. ಕಪ್ಪು ದಾರದಲ್ಲಿ, ಅದೂ ಮಳೆಗಾಲದ ಮಬ್ಬು ಬೆಳಕಿನಲ್ಲಿ, ಸ್ಟಿಚ್ಚೇ ಕಾಣುವುದಿಲ್ಲ. ನಮ್ಮ ಮಳೆಗೆ ಅಕ್ರಿಲಿಕ್ ದಾರ ವಾಸಿ. ಒಗೆದರೆ ಹತ್ತಿಗಿಂತ ಬೇಗ ಒಣಗುತ್ತದೆ.

ಇನ್ನು ವಿಡಿಯೋ. ಕನ್ನಡದಲ್ಲಿ ಕುಚ್ಚು, ತೋರಣದ ವಿಡಿಯೋಗಳು ಬೇಕಾದಷ್ಟಿವೆ. ಸಾಲು ತಿರುಗಿಸುವ, ಎಣಿಸುವ ಪಾಠಕ್ಕೆ ನಾನು ಬ್ರಿಟನ್ನಿನ ಬೆಲ್ಲಾ ಕೊಕೊ ಚಾನೆಲ್ಲಿನ ಹೊಸಬರ ವಿಡಿಯೋಗಳನ್ನು ತೋರಿಸುತ್ತೇನೆ. ಇಂಗ್ಲಿಷ್ ಪೂರ್ತಿ ಅರ್ಥವಾಗದಿದ್ದರೂ ಕೈ ಸ್ಪಷ್ಟವಾಗಿ ಕಾಣುತ್ತದೆ. ವೇಗವನ್ನು ಅರ್ಧಕ್ಕಿಳಿಸಿ ನೋಡಿ. ಕರೆಂಟು, ನೆಟ್‌ವರ್ಕು ಎರಡೂ ಒಟ್ಟಿಗೆ ಹೋಗುವ ಊರಿನವರು ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಯಾವ ಚಾನೆಲ್ ಆದರೂ ಸರಿ, ಮೊದಲ ಚೌಕ ಮುಗಿಯುವವರೆಗೆ ಒಂದೇ ಇರಲಿ. ಒಬ್ಬೊಬ್ಬರು ಕಡ್ಡಿ ಹಿಡಿಯುವುದು ಒಂದೊಂದು ಥರ, ನಾಲ್ಕು ಜನರನ್ನು ನೋಡಿದರೆ ಕೈ ಗಲಿಬಿಲಿಯಾಗುತ್ತದೆ.

ಹೇಗೆ ಹೆಣೆಯಬೇಕು ಅಂತ ಬರೆದ ಮಾದರಿಗಳಿಗೆ (ಪ್ಯಾಟರ್ನ್) ಬಂದಾಗ ಒಂದು ಎಚ್ಚರಿಕೆ ಬೇಕು. ಅಮೆರಿಕದವರು ಸಿಂಗಲ್ ಅನ್ನುವುದನ್ನೇ ಬ್ರಿಟನ್ನಿನವರು ಡಬಲ್ ಅನ್ನುತ್ತಾರೆ. ಅಮೆರಿಕದ ಡಬಲ್ ಬ್ರಿಟನ್ನಿನಲ್ಲಿ ಟ್ರೆಬಲ್. ಇದು ಗೊತ್ತಿಲ್ಲದೆ ಹೆಣೆದರೆ ಅಳತೆಯೆಲ್ಲ ಹೆಚ್ಚುಕಡಿಮೆ. ಮಾದರಿಯಲ್ಲಿ ಎಲ್ಲಾದರೂ ಸಿಂಗಲ್ ಕ್ರೋಶಾ ಅಂತ ಇದ್ದರೆ ಅದು ಅಮೆರಿಕದ ಲೆಕ್ಕ, ಬ್ರಿಟನ್ನಿನ ಲೆಕ್ಕದಲ್ಲಿ ಆ ಹೆಸರೇ ಇಲ್ಲ.

ಇಂಗ್ಲಿಷ್ ಓದಲು ಕಷ್ಟಪಡುವ ಅಕ್ಕತಂಗಿಯರಿಗೆ ನಾನು ಮನಸಾರೆ ಹೇಳುವುದು ಚಾರ್ಟು ಓದಲು ಕಲಿಯಿರಿ ಅಂತ. ಅದರಲ್ಲಿ ಒಂದೊಂದು ಸ್ಟಿಚ್ಚಿಗೂ ಒಂದೊಂದು ಗುರುತು, ಭಾಷೆಯ ತೊಡಕಿಲ್ಲ. ಮೊಟ್ಟೆಯಾಕಾರ ಅಂದರೆ ಚೈನು. ಗುಣಿಸುವ ಅಥವಾ ಕೂಡಿಸುವ ಗುರುತು ಅಂದರೆ ಅಮೆರಿಕದವರ ಸಿಂಗಲ್. ತಲೆಯ ಮೇಲೆ ಪಟ್ಟಿ ಇಟ್ಟ ಕಂಬಕ್ಕೆ ನಡುವೆ ಒಂದು ಅಡ್ಡಗೆರೆ ಇದ್ದರೆ ಅಮೆರಿಕದವರ ಡಬಲ್, ಎರಡಿದ್ದರೆ ಅವರ ಟ್ರೆಬಲ್. ಈ ಎರಡರಲ್ಲಿ ಗೆರೆ ಎಷ್ಟೋ, ಕಡ್ಡಿಯನ್ನು ಒಳಗೆ ತೂರಿಸುವ ಮೊದಲು ಅದಕ್ಕೆ ಅಷ್ಟು ಸುತ್ತು ದಾರ ಹಾಕಬೇಕು. ದುಂಡನೆಯ ಮಾದರಿಯ ಚಾರ್ಟು ನಡುವಿನಿಂದ ಹೊರಕ್ಕೆ ಅರಳುತ್ತದೆ, ಮನೆ ಮುಂದೆ ದಿನಾ ರಂಗೋಲಿ ಇಡುವವರಿಗೆ ಅದನ್ನು ಓದುವುದು ಬೇಗ ಬರುತ್ತದೆ. ಜಪಾನಿನ ಮಾದರಿಗಳು ಹೆಚ್ಚಾಗಿ ಚಾರ್ಟಿನಲ್ಲೇ ಇರುತ್ತವೆ, ಒಂದಕ್ಷರ ಜಪಾನಿ ಬಾರದವರೂ ಅವನ್ನು ನೋಡಿ ಹೆಣೆಯಬಹುದು. ಗುರುತುಗಳ ಪಟ್ಟಿ ಅಮೆರಿಕದ ಕ್ರಾಫ್ಟ್ ಯಾರ್ನ್ ಕೌನ್ಸಿಲ್‌ನ ಜಾಲತಾಣದಲ್ಲಿ ಸಿಗುತ್ತದೆ. ಪ್ರಿಂಟ್ ತೆಗೆಸಿ ಗೋಡೆಗೆ ಅಂಟಿಸಿಕೊಳ್ಳಿ.

ಮಾದರಿ ಹುಡುಕಲು ರಾವೆಲ್ರಿ ಅನ್ನುವ ತಾಣ 2007ರಿಂದ ಇದೆ. ಖಾತೆ ತೆರೆಯಲು ದುಡ್ಡು ಬೇಡ. ಕ್ರೋಶಾ, ಉಚಿತ, ಕಡ್ಡಿಯ ಅಳತೆ ಇಷ್ಟನ್ನು ಆರಿಸಿಕೊಂಡರೆ ಮುಗಿಯದಷ್ಟು ಮಾದರಿಗಳು ಬರುತ್ತವೆ. ಬೇರೆ ಕಡೆ ದುಡ್ಡು ಕೊಟ್ಟು ಮಾದರಿ ಕೊಳ್ಳುವವರು ಹುಷಾರು. ಕಂಪ್ಯೂಟರ್ ಸೃಷ್ಟಿಸಿದ, ಯಾವ ಕಡ್ಡಿಯಿಂದಲೂ ಹೆಣೆಯಲಾಗದ ಗೊಂಬೆಗಳ ಚಿತ್ರ ಹಾಕಿ ಮಾರುವವರು ಈಗ ಇದ್ದಾರೆ. ಹೊಸಬರಿಗೆ ಅದು ಗೊತ್ತಾಗದೆ, ತಮ್ಮ ಕೈಯೇ ಸರಿಯಿಲ್ಲ ಅಂದುಕೊಂಡು ಬಿಟ್ಟುಬಿಡುತ್ತಾರೆ. ಅದು ನನಗೆ ತುಂಬ ಬೇಸರದ ಸಂಗತಿ. ರಾವೆಲ್ರಿಯಲ್ಲಾದರೆ ಮಾದರಿಯನ್ನು ಹೆಣೆದು ಮುಗಿಸಿದವರು ತಮ್ಮ ಫೋಟೋ, ಟಿಪ್ಪಣಿ ಹಾಕಿರುತ್ತಾರೆ. ಹಲವರು ಮುಗಿಸಿದ ಮಾದರಿಯನ್ನೇ ಆರಿಸಿ, ಎಲ್ಲಿ ತೊಡಕಾಯಿತು ಅಂತ ಅವರು ಬರೆದದ್ದನ್ನು ಓದಿ, ಆಮೇಲೆ ದಾರ ಕೊಳ್ಳಲು ಹೋಗಿ.