ಕೆಲಸ ಮ್ಯಾಂಚೆಸ್ಟರಲ್ಲಿ, ಮನೆ ಸ್ಟಾಕ್‌ಪೋರ್ಟಲ್ಲಿ, ಯಾಕೆ?

ಇಂಗ್ಲೆಂಡಿಗೆ ಕೆಲಸದ ಮೇಲೆ ಬರುವ ನಮ್ಮ ಕಡೆಯ ಹುಡುಗ ಹುಡುಗಿಯರು, ಅವರನ್ನು ಕಳಿಸಿ ಅಲ್ಲಿ ಕೂತು ಚಿಂತೆ ಮಾಡುವ ಅಪ್ಪ ಅಮ್ಮಂದಿರು, ಬೆಂಗಳೂರಿನ ನೆಂಟರು, ಎಲ್ಲರೂ ನನ್ನನ್ನು ಕೇಳುವುದು ಇದೇ ಪ್ರಶ್ನೆ. ಮ್ಯಾಂಚೆಸ್ಟರಲ್ಲೇ ಇರಬಾರದಾ? ಅದರ ಬೆನ್ನಿಗೇ ಇನ್ನೊಂದು: "ಬಾಡಿಗೆ ಕಮ್ಮಿ ಅಂದ್ರೆ ಏನೋ ಐಬು ಇರಬೇಕಲ್ವಾ?"

ಐಬು ಇದೆ. ಒಂದಲ್ಲ, ಮೂರು. ಅವು ಏನೇನು ಅಂತ ತಿಳಿದು ಬಂದರೆ ಈ ಏರಿಯಾ ಒಳ್ಳೆಯ ವ್ಯವಹಾರ. ತಿಳಿಯದೆ ಬಂದರೆ ಮೊದಲ ಚಳಿಗಾಲದಲ್ಲೇ ಏಜೆಂಟನ್ನು ಬೈದುಕೊಂಡು ಕೂರುತ್ತೀರಿ.

ನಾನಿರುವುದು ಮ್ಯಾಂಚೆಸ್ಟರ್ ಪಕ್ಕದ ಊರು ಸ್ಟಾಕ್‌ಪೋರ್ಟಿನ ಎಡ್ಜ್‌ಲಿಯಲ್ಲಿ. ರೈಲ್ವೆ ಸ್ಟೇಷನ್ನಿನ ಪಕ್ಕದ ಏರಿಯಾ. ಕೆಂಪು ಇಟ್ಟಿಗೆಯ ಸಾಲುಮನೆಗಳು, ನಮ್ಮ ಹಳೇ ವಠಾರಗಳ ಹಾಗೆ ಒಂದರ ಗೋಡೆಗೆ ಇನ್ನೊಂದು ಅಂಟಿಕೊಂಡೇ ನಿಂತಿರುತ್ತವೆ. ಕೆಳಗೆ ಎರಡು ಕೋಣೆ, ಮೇಲೆ ಎರಡು, ಹಿಂದೆ ಪುಟ್ಟ ಅಂಗಳ, ಅದರಾಚೆ ಸಂದಿ. ಗಿರಣಿ ಕೆಲಸದವರಿಗೆ, ಟೋಪಿ ಮಾಡುವವರಿಗೆ ಅಂತ ಕಟ್ಟಿದಂಥ ಮನೆಗಳು. ಹೌದು, ಟೋಪಿ. ಒಂದು ಕಾಲಕ್ಕೆ ಈ ಊರು ಟೋಪಿಗೇ ಹೆಸರುವಾಸಿ. ಇವತ್ತಿಗೂ ಇಲ್ಲಿನ ಫುಟ್‌ಬಾಲ್ ತಂಡ ಸ್ಟಾಕ್‌ಪೋರ್ಟ್ ಕೌಂಟಿಯನ್ನು ಜನ 'ಹ್ಯಾಟರ್ಸ್' ಅಂತಲೇ ಕರೆಯುತ್ತಾರೆ, ಟೋಪಿಗೆ ಅಂತಲೇ ಒಂದು ಮ್ಯೂಸಿಯಮ್ಮೂ ಇದೆ.

ಈಗ ಲೆಕ್ಕಕ್ಕೆ ಬರೋಣ. ಮ್ಯಾಂಚೆಸ್ಟರ್ ನಡುಮಧ್ಯೆ ಒಂದು ಬೆಡ್‌ರೂಮಿನ ಫ್ಲ್ಯಾಟಿಗೆ ಕೊಡುವ ಬಾಡಿಗೆಯಲ್ಲಿ ಇಲ್ಲಿ ಹೆಚ್ಚುಕಮ್ಮಿ ಎರಡು ಬೆಡ್‌ರೂಮಿನ ಇಡೀ ಮನೆ ಸಿಗುತ್ತದೆ. ಸ್ಟೇಷನ್ನಿಗೆ ನಡೆದೇ ಹೋಗಬಹುದು. ಅಲ್ಲಿಂದ ಮ್ಯಾಂಚೆಸ್ಟರ್ ಪಿಕಾಡಿಲಿ ಸುಮಾರು ಹತ್ತು ನಿಮಿಷ. ಇದು ಲಂಡನ್ನಿಗೆ ಹೋಗುವ ಮುಖ್ಯ ಲೈನು, ಹಾಗಾಗಿ ಲಂಡನ್ ಯೂಸ್ಟನ್‌ಗೂ ಸುಮಾರು ಎರಡು ಗಂಟೆ ಅಷ್ಟೇ. ಮಾರತ್ತಹಳ್ಳಿಯಿಂದ ಎಲೆಕ್ಟ್ರಾನಿಕ್ ಸಿಟಿಗೆ ದಿನಾ ಓಡಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮ್ಯಾಂಚೆಸ್ಟರ್ ಕಡೆ ಹೋಗುವ ರೈಲು ಊರು ಬಿಡುವಾಗ ಕಿಟಕಿಯಿಂದ ಕೆಳಗೆ ನೋಡಿ. ನೀವಾಗ 1840ರಲ್ಲಿ ಕಟ್ಟಿ ಮುಗಿಸಿದ ಸೇತುವೆಯ ಮೇಲಿರುತ್ತೀರಿ, ಮೂಲದಲ್ಲೇ ಸುಮಾರು 1.1 ಕೋಟಿ ಇಟ್ಟಿಗೆ ಹಿಡಿದ ಸೇತುವೆ. ಕೆಳಗೆ ಮರ್ಸಿ ನದಿ. ಲಿವರ್‌ಪೂಲಿನಲ್ಲಿ ಸಮುದ್ರ ಸೇರುವ ಅದೇ ಮರ್ಸಿ ಹುಟ್ಟುವುದು ಇಲ್ಲೇ, ಟೇಮ್ ಮತ್ತು ಗೋಯ್ಟ್ ಎಂಬ ಎರಡು ನದಿ ಕೂಡುವ ಕಡೆ. ಊರ ಜನ ಅದರ ಮೇಲೇ ಶಾಪಿಂಗ್ ಸೆಂಟರ್ ಕಟ್ಟಿಕೊಂಡಿದ್ದಾರೆ, ಅದು ಬೇರೆ ವಿಷಯ. ಸ್ಟೇಷನ್ನಿನಲ್ಲಿ ಸೊನ್ನೆ ನಂಬರಿನ ಪ್ಲಾಟ್‌ಫಾರ್ಮ್ ಇದೆ, ಹೊಸಬರು ತಮಾಷೆ ಅಂದುಕೊಳ್ಳುತ್ತಾರೆ. ತಮಾಷೆ ಅಲ್ಲ. ಒಂದನೇ ನಂಬರಿನ ಪಕ್ಕ ಹೊಸ ಪ್ಲಾಟ್‌ಫಾರ್ಮ್ ಕಟ್ಟಿದಾಗ ಉಳಿದ ನಂಬರು ಬದಲಿಸುವ ಗೋಜಿಗೆ ಹೋಗದೆ ಇದಕ್ಕೆ ಸೊನ್ನೆ ಕೊಟ್ಟರು. ಟಿಕೆಟ್ ಆಪ್‌ನಲ್ಲಿ ಸೊನ್ನೆ ಕಂಡರೆ ಆಪ್ ಕೆಟ್ಟಿದೆ ಅಂದುಕೊಂಡು ರೈಲು ತಪ್ಪಿಸಿಕೊಳ್ಳಬೇಡಿ.

ರೈಲು ಕೈಕೊಡುವುದೂ ಉಂಟು. ಬೆಳಗ್ಗೆ ಸಿಗುವ ಎರಡೇ ಬೋಗಿಯ ಗಾಡಿಯಲ್ಲಿ ಉಸಿರು ಕಟ್ಟುತ್ತದೆ, ಸಿಬ್ಬಂದಿ ಇಲ್ಲ ಅಂತ ರದ್ದಾಗುವುದು ಹೊಸದೇನಲ್ಲ. ಆವಾಗ 192ನೇ ನಂಬರಿನ ಹಳದಿ ಬಸ್ಸೇ ಗತಿ. ಗ್ರೇಟರ್ ಮ್ಯಾಂಚೆಸ್ಟರಿನ ಬಸ್ಸುಗಳೆಲ್ಲ 2025ರ ಜನವರಿ ಹೊತ್ತಿಗೆ ಮತ್ತೆ ಸಾರ್ವಜನಿಕ ಆಡಳಿತದ ಕೈಗೆ ಬಂದಿವೆ, ಆ ವರ್ಷ ಟಿಕೆಟ್ ಎರಡು ಪೌಂಡ್ ಇತ್ತು. ಕೆಲಸಕ್ಕೆ ಹೋಗಲು 192 ನಿಧಾನ, ದಾರಿಯುದ್ದಕ್ಕೂ ಸಿಗ್ನಲ್ಲು. ಆದರೆ ಕರಿಬೇವಿಗೆ ಇದೇ ಬಸ್ಸು! ಲೆವೆನ್ಶೂಮ್, ಲಾಂಗ್‌ಸೈಟ್ ಮೂಲಕ ಹೋಗುತ್ತದೆ, ಎರಡೂ ಕಡೆ ನಮ್ಮ ಉಪಖಂಡದ ಅಂಗಡಿಗಳ ಸಾಲು. ಕರಿಬೇವು, ನುಗ್ಗೆಕಾಯಿ, ಹತ್ತು ಕೆಜಿ ಸೋನಾಮಸೂರಿ ಅಲ್ಲಿಂದಲೇ. ಎಡ್ಜ್‌ಲಿಯ ಕ್ಯಾಸಲ್ ಸ್ಟ್ರೀಟಿನಲ್ಲಿ ಮಾಮೂಲಿ ದಿನಸಿ, ಔಷಧಿ, ಕ್ಷೌರ, ಎಲ್ಲ ನಡಿಗೆಯಲ್ಲೇ ಮುಗಿಯುತ್ತದೆ. ಇಲ್ಲಿ ಟ್ರಾಮ್ ಇಲ್ಲ. ಟ್ರಾಮ್ ಬೇಕೇ ಬೇಕು ಅನ್ನುವವರು ಈಸ್ಟ್ ಡಿಡ್ಸ್‌ಬರಿ ಕಡೆ ನೋಡಲಿ, ಅಲ್ಲಿನ ಬಾಡಿಗೆ ಕೇಳಿ ವಾಪಸ್ ಬರಲಿ.

ಸರಿ, ಐಬು.

ದೊಡ್ಡ ಐಬು ಮನೆಯೇ. ಈ ಹಳೇ ಮನೆಗಳಿಗೆ ಹೆಚ್ಚಾಗಿ ಗಟ್ಟಿ ಇಟ್ಟಿಗೆ ಗೋಡೆ, ಚಳಿ ತಡೆಯಲು ನಡುವೆ ಯಾವ ಪದರವೂ ಇಲ್ಲ. ನವೆಂಬರ್ ಬಂತೆಂದರೆ ಹೊರಗೋಡೆ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ. ನಾವು ಬೇರೆ ಮನೆಯೊಳಗೇ ಬಟ್ಟೆ ಒಣಗಿಸುತ್ತೇವೆ, ಕುಕ್ಕರ್ ನಾಲ್ಕು ಸಲ ಕೂಗಿಸುತ್ತೇವೆ, ಚಳಿ ಅಂತ ಕಿಟಕಿ ತೆಗೆಯುವುದಿಲ್ಲ. ಆ ಹಬೆಯೆಲ್ಲ ಹೋಗಿ ತಣ್ಣಗಿನ ಗೋಡೆಯ ಮೇಲೆ ಕೂರುತ್ತದೆ. ಮೊದಲು ಬೀರುವಿನ ಹಿಂದೆ, ಮೂಲೆಯಲ್ಲಿ, ಎಳ್ಳು ಚೆಲ್ಲಿದಷ್ಟು ಸಣ್ಣ ಕಪ್ಪು ಚುಕ್ಕಿಗಳು. ಆಮೇಲೆ ಚುಕ್ಕಿಗಳು ಕೂಡಿಕೊಂಡು ಬೂಷ್ಟು. ಸೂಟ್‌ಕೇಸಿನಲ್ಲಿಟ್ಟ ರೇಷ್ಮೆ ಸೀರೆಗೂ ಅದೇ ಮುಗ್ಗಲು ವಾಸನೆ. ಬೀರುವನ್ನು ಗೋಡೆಯಿಂದ ಒಂದು ಗೇಣು ಈಚೆ ಎಳೆದಿಡಿ, ತೇವ ಎಳೆಯುವ ಮೆಷಿನ್ ಒಂದು ಕೊಳ್ಳಿ, ಅಡುಗೆ ಮಾಡುವಾಗ ಎಷ್ಟೇ ಚಳಿಯಿದ್ದರೂ ಕಿಟಕಿ ಸ್ವಲ್ಪ ತೆಗೆದಿಡಿ. ಕಿಟಕಿ ತೆಗೆದರೆ ಇನ್ನೊಂದು ಲಾಭ: ಒಗ್ಗರಣೆಗೆ ಒಣಮೆಣಸಿನಕಾಯಿ ಹಾಕಿದ ತಕ್ಷಣ ಹೊಗೆ ಅಲಾರಂ ಅರಚಿಕೊಳ್ಳುವುದು ತಪ್ಪುತ್ತದೆ. ಪೂರ್ತಿ ಅಲ್ಲ, ಅರ್ಧಕ್ಕರ್ಧ.

ಮನೆ ನೋಡಲು ಹೋದಾಗ ಹೊಸ ಪೇಂಟಿಗೆ ಮರುಳಾಗಬೇಡಿ. ಅದರಲ್ಲೂ ಒಂದೇ ಗೋಡೆಗೆ ಮಾತ್ರ ಹೊಸ ಪೇಂಟು ಹೊಡೆದಿದ್ದರೆ ಯಾಕೆ ಅಂತ ಕೇಳಿ. ಬಾಡಿಗೆಗೆ ಬಿಡುವ ಮನೆಗೆ ಎಷ್ಟು ಇಂಧನ ಹಿಡಿಯುತ್ತದೆ ಅಂತ ತೋರಿಸುವ ಎನರ್ಜಿ ಸರ್ಟಿಫಿಕೇಟ್ ಇರುತ್ತದೆ, ಎ (ಎಲ್ಲಕ್ಕಿಂತ ಒಳ್ಳೆಯದು) ಇಂದ ಜಿ ತನಕ. ಬಾಡಿಗೆಗೆ ಕೊಡಲು ಕನಿಷ್ಠ ಇ ಇರಬೇಕು ಅಂತ ಕಾನೂನು. ಇ ಮನೆಯಲ್ಲಿ ಬಾಡಿಗೆ ಉಳಿಸಿದ್ದನ್ನು ಗ್ಯಾಸ್ ಬಿಲ್ಲಿಗೆ ಸುರಿಯುತ್ತೀರಿ. ಡಿಗಿಂತ ಕೆಳಗೆ ಇಳಿಯಬೇಡಿ, ಇದು ನನ್ನ ಗಟ್ಟಿ ಮಾತು.

ಎರಡನೆಯದು ವಿಮಾನ. ಮ್ಯಾಂಚೆಸ್ಟರ್ ಏರ್‌ಪೋರ್ಟಿಗೆ ಇಳಿಯುವ ದಾರಿ ಊರಿನ ಮೇಲೇ ಹಾದುಹೋಗುತ್ತದೆ, ಪಶ್ಚಿಮದ ಗಾಳಿ ಬೀಸುವಾಗ (ಜಾಸ್ತಿ ದಿನ ಅದೇ ಬೀಸುವುದು) ತಲೆಯ ಮೇಲೆ ಒಂದರ ಹಿಂದೆ ಒಂದು. ಅಂಗಳದಲ್ಲಿ ನಿಂತು ಯಾವ ಕಂಪನಿಯದು ಅಂತ ಓದಬಹುದು. 1967ರ ಜೂನ್ 4ರಂದು ಒಂದು ವಿಮಾನ ಊರ ನಡುವೆಯೇ ಬಿದ್ದು 72 ಜನ ಸತ್ತಿದ್ದರು. ವಯಸ್ಸಾದವರ ಹತ್ತಿರ ವಿಮಾನದ ಮಾತು ತೆಗೆದರೆ ಅದು ಬರದೇ ಇರುವುದಿಲ್ಲ. ನಮಗೆ ಸದ್ದು ಅಭ್ಯಾಸವಾಗಿದೆ. ಊರಿಂದ ಬಂದ ಅತ್ತೆಗೆ ಮಾತ್ರ ವಾಪಸ್ ಹೊರಡುವ ದಿನದವರೆಗೂ ಆಗಲಿಲ್ಲ. ಅಂದಹಾಗೆ ಏರ್‌ಪೋರ್ಟ್ ಇಷ್ಟು ಹತ್ತಿರವಿದ್ದೂ ಬೆಂಗಳೂರಿಗೆ ನೇರ ವಿಮಾನ ಇಲ್ಲ, ದುಬೈ, ದೋಹಾ, ಅಬುಧಾಬಿಯಂಥ ಕಡೆ ವಿಮಾನ ಬದಲಿಸಿಯೇ ಹೋಗಬೇಕು.

ಮೂರನೆಯದು ಕಾರು. ಈ ಬೀದಿಗಳನ್ನು ಹಾಕಿದಾಗ ಕಾರು ಅನ್ನುವುದೇ ಇರಲಿಲ್ಲ. ಮನೆ ಮುಂದೆ ಜಾಗ ಇಲ್ಲ, ರಸ್ತೆಯಲ್ಲೇ ನಿಲ್ಲಿಸಬೇಕು. ಶನಿವಾರ ಎಡ್ಜ್‌ಲಿ ಪಾರ್ಕ್ ಸ್ಟೇಡಿಯಂನಲ್ಲಿ ಕೌಂಟಿ ಮ್ಯಾಚ್ ಇದ್ದರೆ ಮಧ್ಯಾಹ್ನ ಕಾರು ತೆಗೆಯುವ ಯೋಚನೆಯೇ ಬಿಡಿ. 2024ರಲ್ಲಿ ತಂಡ ಲೀಗ್ ಒನ್‌ಗೆ ಏರಿದ ಮೇಲೆ ಜನ ಇನ್ನೂ ಜಾಸ್ತಿ. ಗೋಲು ಬಿದ್ದದ್ದು ನಮಗೆ ಫೋನಿಗಿಂತ ಮೊದಲು ಕಿಟಕಿಯಿಂದ ಗೊತ್ತಾಗುತ್ತದೆ. ಎರಡು ಕಾರಿರುವ ಸಂಸಾರ ಚೀಡಲ್ ಅಥವಾ ಹೀಲ್ಡ್ ಗ್ರೀನ್ ನೋಡುವುದು ಒಳ್ಳೆಯದು, ನಮ್ಮವರೂ ಅಲ್ಲಿ ಜಾಸ್ತಿ.

ಕಸದ್ದು ಐಬಲ್ಲ, ಶಿಸ್ತು. ಕಪ್ಪು, ನೀಲಿ, ಕಂದು, ಹಸಿರು, ನಾಲ್ಕು ಬಿನ್. ಯಾವ ವಾರ ಯಾವುದು ಅಂತ ತಿಳಿಯದಿದ್ದರೆ ಹಿಂದಿನ ರಾತ್ರಿ ಪಕ್ಕದ ಮನೆಯವರು ಏನು ಹೊರಗಿಟ್ಟಿದ್ದಾರೆ ನೋಡಿ, ಅದನ್ನೇ ಇಡಿ.

ಅಡ್ವಾನ್ಸ್ ವಿಷಯಕ್ಕೆ ಮಾತ್ರ ಖುಷಿಪಡಿ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಬಂದವರಿಗೆ ನಂಬಿಕೆಯೇ ಬರುವುದಿಲ್ಲ: 2019ರ ಕಾನೂನಿನ ಪ್ರಕಾರ ಇಂಥ ಮನೆಗಳಿಗೆ ಐದು ವಾರದ ಬಾಡಿಗೆಗಿಂತ ಹೆಚ್ಚು ಡಿಪಾಸಿಟ್ ಕೇಳುವಂತಿಲ್ಲ. ಆ ಹಣವನ್ನೂ ಓನರ್ ಸುಮ್ಮನೆ ಜೇಬಿಗೆ ಹಾಕಿಕೊಂಡು ಕೂರುವಂತಿಲ್ಲ, 30 ದಿನದೊಳಗೆ ಸರ್ಕಾರ ಒಪ್ಪಿದ ಡಿಪಾಸಿಟ್ ಸ್ಕೀಮಿಗೆ ಸೇರಿಸಬೇಕು. ಮನೆ ಹೊಕ್ಕ ದಿನವೇ ಪ್ರತಿ ಗೋಡೆ, ಕಾರ್ಪೆಟ್, ಓವನ್ನಿನ ಒಳಗು, ಎಲ್ಲದರ ಫೋಟೋ ತೆಗೆದು ಏಜೆಂಟಿಗೆ ಮೇಲ್ ಮಾಡಿ. ಕೌನ್ಸಿಲ್ ಟ್ಯಾಕ್ಸ್, ಅಂದರೆ ಊರಿನ ಆಡಳಿತಕ್ಕೆ ಕೊಡುವ ತೆರಿಗೆ, ಬೇರೆ ಕಟ್ಟಬೇಕು, ಬಾಡಿಗೆಯಲ್ಲಿ ಸೇರಿರುವುದಿಲ್ಲ. ಅದನ್ನು ಲೆಕ್ಕ ಹಾಕುವುದು 1991ರ ಏಪ್ರಿಲ್‌ನಲ್ಲಿ ಮನೆಗೆ ಎಷ್ಟು ಬೆಲೆ ಇತ್ತು ಅನ್ನುವುದರ ಮೇಲೆ. ಸಾಲುಮನೆಗಳು ಹೆಚ್ಚಾಗಿ ಕಮ್ಮಿ ತೆರಿಗೆಯ ಎ, ಬಿ ಬ್ಯಾಂಡಿನಲ್ಲಿವೆ, ಒಬ್ಬರೇ ಇದ್ದರೆ 25 ಶೇಕಡಾ ಕಡಿತ.

ಕೆಲವರು ಮುಂದುವರಿದು, "ಇಷ್ಟು ಇಷ್ಟ ಇದ್ದರೆ ಅಲ್ಲೇ ಒಂದು ಮನೆ ತಗೋಬಹುದಲ್ಲ?" ಅಂತಾರೆ. ನೋಡುತ್ತಿದ್ದೇವೆ. ಬೆಲೆ ಏರುತ್ತಿದೆ. 2024ರಲ್ಲಿ ಮೇಲೆ ಪಾರ್ಕ್ ಇರುವ ಹೊಸ ಬಸ್ ನಿಲ್ದಾಣ ಬಂತು, ಆಮೇಲೆ ಹೆದ್ದಾರಿ ಪಕ್ಕದ ನೀಲಿ ಗಾಜಿನ ಪಿರಮಿಡ್ ಕಟ್ಟಡದಲ್ಲಿ ಬ್ಯಾಂಕ್ ಹೋಗಿ ಬಿರಿಯಾನಿ ಬಫೆ ಬಂತು, ಪತ್ರಿಕೆಗಳು ಸ್ಟಾಕ್‌ಪೋರ್ಟನ್ನು ಹೊಗಳಲು ಶುರು ಮಾಡಿವೆ. ಬಾಡಿಗೆದಾರರಿಗೆ ಇದು ಒಳ್ಳೇ ಸುದ್ದಿಯೇನಲ್ಲ. ಕೊಳ್ಳುವವರಿಗೆ ಒಂದು ಮಾತು: ಈ ಕಡೆಯ ಎಷ್ಟೋ ಹಳೇ ಮನೆಗಳ ನೆಲ ನಿಮ್ಮ ಹೆಸರಿಗೆ ಬರುವುದಿಲ್ಲ, ಅದು 999 ವರ್ಷದ ಲೀಸು, ವರ್ಷಕ್ಕೆ ನೆಲಬಾಡಿಗೆ ಬರೀ ಕೆಲವೇ ಪೌಂಡು. ಲೀಸ್ ಅಂದ ತಕ್ಷಣ ಗಾಬರಿಯಾಗಬೇಡಿ, ವಿಕ್ಟೋರಿಯಾ ರಾಣಿ ಕಾಲದ ಪತ್ರವಾದರೂ ಇನ್ನೂ 800ಕ್ಕೂ ಜಾಸ್ತಿ ವರ್ಷ ಬಾಕಿ ಇರುತ್ತದೆ. ಆದರೆ ಹಿಂದೆ ಅಡುಗೆಮನೆ ದೊಡ್ಡದು ಮಾಡಿಸುವ ಆಸೆ ಇದ್ದರೆ, ಅದಕ್ಕೆ ನೆಲದ ಮಾಲೀಕರ ಒಪ್ಪಿಗೆ ಬೇಕಾ ಅಂತ ವಕೀಲರ ಹತ್ತಿರ ಮೊದಲೇ ಆ ಪತ್ರ ಓದಿಸಿ.